ಅಂಗೈ ಕೆಳಗಿನ ನಡುಕ

ಗುಂಡಿ ಒತ್ತಿ ಹಳೆಯ ಲ್ಯಾಪ್‌ಟಾಪಿನ ಮೇಲೆ ಎಡ ಅಂಗೈ ಇಟ್ಟು ಶಾಲೆಯ ಗುಮಾಸ್ತ ನರಸಿಂಹ ಕಾದ. ಲ್ಯಾಪ್‌ಟಾಪ್ ನಡುಗಲಿಲ್ಲ. ಕಣ್ಣು ಕಾಣದ ಅವನಿಗೆ ಒಳಗೆ ತಿರುಗುವ ಡಿಸ್ಕಿನ ಆ ಕಿರುನಡುಕವೇ ಎಂಟು ವರ್ಷದಿಂದ ಯಂತ್ರ ಬದುಕಿದೆ ಎಂಬುದಕ್ಕೆ ಸಾಕ್ಷಿ. ಪರದೆ ಓದಿ ಹೇಳುವ ದನಿ ಬಾಯಿ ಬಿಡಲು ಹತ್ತು ನಿಮಿಷ ಬೇಕಾಗುತ್ತಿತ್ತು.

"ದೀಪ್ತಿ, ನಿನ್ನ ಹೊಸಾ ಡಿಸ್ಕ್ ಉಸಿರ ಹಾಕವಲ್ದಲ್ಲವಾ," ಎಂದ, ಅದನ್ನು ಈಗಷ್ಟೇ ಕೂರಿಸಿದ ರಿಪೇರಿಯವಳಿಗೆ.

ಮೊಮ್ಮಗಳ ಟಿ.ಸಿ.ಗೆಂದು ಹತ್ತಿಮತ್ತೂರಿನಿಂದ ಬಂದಿದ್ದ ಅಜ್ಜಪ್ಪ ಇಲ್ಲಿ ಕಾಯುವ ವಾಡಿಕೆಯಂತೆ ಬೆಂಚಿನತ್ತ ನಡೆದ. "ಸಾವಕಾಶ ಮಾಡ್ರಿ ಸರ. ಕಣ್ಣಿಲ್ಲದವ್ರು, ತಡಾ ಆಗೋದ."

ಅವನ ಮಾತು ಮುಗಿಯುವ ಮೊದಲೇ ಲ್ಯಾಪ್‌ಟಾಪ್ ಮಾತಾಡಿತು. ನರಸಿಂಹನ ಬೆರಳುಗಳು ಕೀಲಿಗಳ ಮೇಲೆ ಓಡಿದವು. ಅಜ್ಜಪ್ಪ ಟೊಪ್ಪಿಗೆ ತೆಗೆದು, ಬೆವರೊರೆಸಿಕೊಂಡು ಕೂರುವಷ್ಟರಲ್ಲಿ ಬೆಚ್ಚಗಿನ ಕಾಗದ ಅವನ ಕೈಗೆ ಬಂದಿತ್ತು.

"ಅಯ್ಯ, ಆತೇನ್ರಿ?"

ನರಸಿಂಹ ಮತ್ತೆ ಲ್ಯಾಪ್‌ಟಾಪಿನ ಮೇಲೆ ಅಂಗೈ ಇಟ್ಟ. ಈಗಲೂ ನಡುಕವಿಲ್ಲ; ಹೊಸ ಡಿಸ್ಕಿನಲ್ಲಿ ತಿರುಗುವ ಭಾಗವೇ ಇರಲಿಲ್ಲ. ದೀಪ್ತಿ ನಿಂತ ಕಡೆ ಮುಖ ತಿರುಗಿಸಿದ.

"ಪುಣ್ಯಾ ಕಟ್ಟಿಕೊಂಡಿ ತಂಗಿ. ಇಷ್ಟ ವರ್ಷ ತಡಾ ಆದಾಗೆಲ್ಲಾ ನಾನೂ ನನ್ನ ಕಣ್ಣಿಗೇ ಬೈಕೋತ ಬಂದಿದ್ದೆ."