ಬಾಯಿಗೆ ಬಾರದ ಹೆಸರು

ಊರ ಗ್ರಂಥಾಲಯದಲ್ಲಿ ವಯಸ್ಸಾದ ಹೆಂಗಸರಿಗೆ ಮೊಬೈಲು ಕಲಿಸುತ್ತಿದ್ದರು. ನಿನ್ನೆ ಎಲ್ಲರೂ ತಮ್ಮವರ ಹೆಸರು, ನಂಬರು ಅದರಲ್ಲಿ ಬರೆದಿಟ್ಟುಕೊಂಡಿದ್ದರು. ಇವತ್ತಿನ ಪಾಠ, ಬಾಯಿಂದ ಹೆಸರು ಹೇಳಿ ಫೋನ್ ಹಚ್ಚುವುದು. ತಂಗೆವ್ವನ ಸರದಿ ಬರುವ ಹೊತ್ತಿಗೆ ಅವಳ ಗಂಡ ಬಾಗಿಲಲ್ಲಿ ಬಂದು ನಿಂತ.

"ತಿಂಗಳಾತು, ಮನಿಗೆಲಸ ಬಿಟ್ಟು ಇಲ್ಲಿ ಬಂದು ಕುಂದರ್ತಿ. ಎಲ್ಲಿ, ಎಲ್ಲಾರ ಮುಂದ ನನಗ ಹಚ್ಚಿ ತೋರ್ಸು. ಹಚ್ಚಿದಿ ಅಂದ್ರ ನಾಳೆನೂ ಬಾ. ಇಲ್ಲಾಂದ್ರ ಇವತ್ತಿಗೆ ಮುಗೀತು, ಮನಿಗೆ ನಡಿ!"

ಹೆಂಗಸರು ಮುಖ ಮುಖ ನೋಡಿಕೊಂಡರು. ಲಗ್ನವಾಗಿ ನಲವತ್ತಾರು ವರ್ಷವಾದರೂ ತಂಗೆವ್ವ ಗಂಡನ ಹೆಸರು ಬಾಯಿಬಿಟ್ಟು ಹೇಳಿದವಳಲ್ಲ. ಆ ಊರಲ್ಲಿ ಯಾವ ಹೆಂಡತಿಯೂ ಹೇಳುವುದಿಲ್ಲ. ಅದು ಗೊತ್ತಿದ್ದೇ ಆತ ಮೀಸೆಯೊಳಗೆ ನಗುತ್ತಿದ್ದ.

"ಬೆರಳಿಂದ ಒತ್ತಿ ಹಚ್ಚಲಿ ಬಿಡ್ರಿ ಅಜ್ಜಾರ," ಎಂದು ಕಲಿಸುವ ಹುಡುಗಿ ಮೆಲ್ಲಗೆ ಹೇಳಿದಳು.

"ಯಾಕ? ಇವತ್ತಿನ ಪಾಠ ಬಾಯಿಂದಲ್ಲೇನು?"

"ಇರ್ಲಿ ತಂಗಿ, ಬಾಯಿಂದನ ಹಚ್ತೀನಿ," ಎಂದಳು ತಂಗೆವ್ವ.

ಪಕ್ಕದಲ್ಲಿದ್ದ ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಿನ್ನೆ ತಂಗೆವ್ವ ಒಂದೊಂದೇ ಅಕ್ಷರ ಹುಡುಕಿ ಬರೆಯುವಾಗ, ತನ್ನ ಕನ್ನಡಕ ತೆಗೆದು ಅವಳ ಮೂಗಿಗೇರಿಸಿದ್ದವಳು ಈಕೆಯೇ.

ತಂಗೆವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಫೋನನ್ನು ತುಟಿಯ ಹತ್ತಿರ ಹಿಡಿದು, ಗಂಡನ ಕಣ್ಣಲ್ಲಿ ಕಣ್ಣಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು:

"ಮುಂಗೋಪಿಗೆ ಫೋನ್ ಮಾಡು."

ಗಂಡನ ಕಿಸೆಯೊಳಗೆ ಫೋನು ಗಣಗಣ ರಿಂಗಣಿಸಿತು.