ಹೊಂದದ ವೆಡ್ಜ್

ವೈಕುಂಠ ಸಮಾರಾಧನೆಯ ಮರುದಿನ ಬೆಳಿಗ್ಗೆ ಹಾಲಿನವನು ಎಂದಿನಂತೆ ಒಂದು ಲೀಟರ್ ಇಟ್ಟುಹೋದ. ಇನ್ನು ಅರ್ಧ ಸಾಕೆಂದು ಹೇಳಲು ಮರೆತಿದ್ದೆ.

ಹತ್ತಕ್ಕೆ ಗಂಡನ ಕಂಪನಿಯ ಜನರಲ್ ಮ್ಯಾನೇಜರ್ ಬಂದರು. ಅನುಕಂಪದ ಆಧಾರದ ಮೇಲೆ ನನಗೆ ಕೊಡುವ ಕೆಲಸದ ಪತ್ರ ಅವರ ಕೈಯಲ್ಲಿತ್ತು, ಸಹಿಯೊಂದು ಬಾಕಿ. ಸಾಂತ್ವನ ಎರಡು ಮಾತಿನಲ್ಲಿ ಮುಗಿಯಿತು. ಉಳಿದದ್ದೆಲ್ಲ ಗಾಲ್ಫ್.

"ನಿನ್ನ ಗಂಡ ಐರನ್ ದಾಂಡುಗಳ ಹೊಸ ಸೆಟ್ ತಗೊಂಡ, ಸರಿ. ಅದಕ್ಕೆ ಹೊಂದೋ ವೆಡ್ಜ್, ಅದೇ ಚೆಂಡನ್ನ ಮೇಲಕ್ಕೆತ್ತೋ ಓರೆ ಮುಖದ ದಾಂಡು, ಆರಿಸ್ಬೇಡ್ವೇನಮ್ಮ? ಐವತ್ತು, ಐವತ್ನಾಲ್ಕು, ಐವತ್ತೆಂಟು ಡಿಗ್ರಿ ಓರೆದು ಮೂರು ತಗೊಳ್ಳಯ್ಯ ಅಂತ ಬಡ್ಕೊಂಡೆ. ಕೇಳ್ಲಿಲ್ಲ. ಮರಳುಗುಂಡಿಗೆ ಬಿದ್ದ ಚೆಂಡನ್ನ ಎತ್ತೋಕೇ ಬರ್ತಿರ್ಲಿಲ್ಲ."

"ಹೌದು ಸರ್."

"ನಾಲ್ಕು ವರ್ಷ, ಪ್ರತಿ ಭಾನುವಾರ. ಒಂದು ಸಲಾನೂ ನನ್ನ ಗೆಲ್ಲಲಿಲ್ಲ, ಪಾಪ. ಹುರುಪು ಬರ್ಲಿ ಅಂತ ಎರಡು ಪ್ರಮೋಷನ್ ಕೊಟ್ಟೆ. ಊಹೂಂ!"

"ನಿಮ್ಮ ಆಟ ಅಂಥದ್ದು ಸರ್. ಪೆನ್ ಕೊಡ್ಲಾ?"

ಅವರು ಸಹಿ ಹಾಕಿದರು. ಪತ್ರವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಒಳಗಿನಿಂದ ಒಂದು ಹಳೆಯ ವೆಡ್ಜ್ ತಂದು ಅವರ ಕೈಗಿತ್ತೆ.

"ನಿಮ್ಮ ಹತ್ರ ಎರವಲು ತಂದಿದ್ರಂತೆ. ಹೊಸ ಸೆಟ್ಟಿಗೆ ಹೊಂದಲ್ಲ, ಆದ್ರೆ ನಿಮ್ಮೆದುರು ಸೋಲೋಕೆ ಇದೇ ಸಲೀಸು ಅಂತಿದ್ರು, ಸರ್."