ಅವ್ವನ ಮುಖಕ್ಕೆ ಕಪ್ಪು

ಕಪ್ಪು ಇಂಕಿನಲ್ಲಿ ಅದ್ದಿದ ಕುಂಚ ಹಾಳೆಯಲ್ಲಿನ ಅವ್ವನ ಮುಖದ ಮೇಲೆ ಬಂದು ನಿಂತುಬಿಟ್ಟಿತ್ತು. ಅದನ್ನು ಇಳಿಸುವ ಧೈರ್ಯ ದಾಕ್ಷಾಯಣಿಗೆ ಇರಲಿಲ್ಲ. ನಲವತ್ತೈದು ದಾಟಿದ ಮೇಲೆ, ಬಾಲ್ಯದ ಕಥೆಯನ್ನು ಕಾಮಿಕ್ಸ್ ಮಾಡುವ ಆಸೆಯಿಂದ ಕೆಂಪಾಪುರದ ಭಾನುವಾರದ ಚಿತ್ರಕಲೆ ಕ್ಲಾಸಿಗೆ ಸೇರಿದ್ದಳು. ಒಲೆಯ ಮುಂದೆ ಅವ್ವ ರೊಟ್ಟಿ ಬಡಿಯುವ ಚಿತ್ರದಲ್ಲೇ ಒಂದು ತಿಂಗಳು ಕಳೆದಿತ್ತು. ಅವ್ವ ತೀರಿಕೊಂಡಾಗ ಅವಳಿಗೆ ಆರು ವರ್ಷ. ಮನೆಯಲ್ಲಿ ಒಂದು ಫೋಟೋ ಕೂಡ ಇರಲಿಲ್ಲ. ಎಷ್ಟು ಸಲ ಬಿಡಿಸಿದರೂ ಕಣ್ಣು ಯಾರದೋ, ತುಟಿ ಯಾರದೋ ಆಗುತ್ತಿತ್ತು.

"ನೆನಪಿಲ್ದೇ ಇರೋದನ್ನ ಯಾಕೆ ಬಿಡಿಸ್ತೀರಾ ಮೇಡಂ?" ಎಂದಳು ಕಲಿಸುವ ಹುಡುಗಿ ಮೋನಿಕಾ. "ಒಲೆ ಬೆಳಕು ಬೀಳೋ ಕಡೆ ಮಾತ್ರ ಬಿಳಿ ಬಿಡಿ. ಉಳಿದಿದ್ದಕ್ಕೆಲ್ಲ ಕಪ್ಪು ತುಂಬಿ, ಹೆದರ್ಕೋಬೇಡಿ."

ದಾಕ್ಷಾಯಣಿ ಮೊದಲು ಗೋಡೆಗೆ ತುಂಬಿದಳು, ಆಮೇಲೆ ಸೆರಗಿಗೆ, ಕೊನೆಗೆ ಮುಖಕ್ಕೆ. ಕೆನ್ನೆಯ ಒಂದು ಅಂಚು, ಮೂಗುತಿ, ರೊಟ್ಟಿಯ ಮೇಲಿನ ಎರಡು ಕೈ ಇಷ್ಟೇ ಬಿಳಿಯಾಗಿ ಉಳಿದವು.

ಅವಳನ್ನು ಕರೆದೊಯ್ಯಲು ಬಂದ ಅಣ್ಣ ವಿರೂಪಾಕ್ಷ ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡೇ ಹಾಳೆಯ ಮೇಲೆ ಬಗ್ಗಿದ. ಅವ್ವನ ಮುಖ ಅವನಿಗೆ ಚೆನ್ನಾಗಿ ನೆನಪಿತ್ತು. ಹಿಂದಿನ ಚಿತ್ರಗಳನ್ನೆಲ್ಲ ನೋಡಿ "ಇವ್ರು ಯಾರ?" ಎಂದು ಕೇಳಿದ್ದವನು ಈ ಸಲ ಹೆಲ್ಮೆಟ್ ಕೆಳಗಿಟ್ಟು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಹಿಂಗ ಕುಂದರ್ತಿದ್ಲು ನೋಡು," ಎಂದ. "ನಿನಗ ಅವ್ವ ನೆನಪ ಅದಾಳಂತ ನನಗ ಗೊತ್ತೇ ಇರ್ಲಿಲ್ಲ."